ಬೋರ್ಡಿನ ಮೇಲೆ ಒಂದೇ ಹೆಸರು

ಅಮೆರಿಕದ ಹಾಸ್ಯನಟಿ ಕ್ಯಾರಲ್ ಬರ್ನೆಟ್ ಸಿಬಿಎಸ್ ಟೀವಿ ಸಂಸ್ಥೆಯ ಜೊತೆ ಮಾಡಿಕೊಂಡಿದ್ದ ಹತ್ತು ವರ್ಷದ ಕರಾರಿನಲ್ಲಿ ಒಂದು ವಿಚಿತ್ರ ಷರತ್ತಿತ್ತು. ಮೊದಲ ಐದು ವರ್ಷದೊಳಗೆ ಯಾವತ್ತಾದರೂ ಆಕೆ ‘ನನಗೊಂದು ವೆರೈಟಿ ಶೋ ಬೇಕು’ ಅಂತ ಕೇಳಿದರೆ, ಸಂಸ್ಥೆ ಎರಡನೇ ಮಾತಾಡದೆ ಒಂದೊಂದು ಗಂಟೆಯ 30 ಕಂತು ಕೊಡಲೇಬೇಕು. ಐದನೇ ವರ್ಷದ ಕೊನೇ ವಾರ ಬಂತು. ಕೈಯಲ್ಲಿ ಬೇರೆ ಕೆಲಸ ಇಲ್ಲ. ಗಂಡ ಜೋ ಹ್ಯಾಮಿಲ್ಟನ್ ಜೊತೆ ಕೂತು ಯೋಚನೆ ಮಾಡಿ ಆಕೆ ಫೋನ್ ಮಾಡಿದರು. ಆ ಕಡೆಯ ಅಧಿಕಾರಿಗೆ ಷರತ್ತು ನೆನಪೇ ಇರಲಿಲ್ಲ. ಕಾಗದ ತೆಗೆಸಿ ನೋಡಿದ ಮೇಲೆ ಅವರ ಉತ್ತರ ಏನಪ್ಪಾ ಅಂದರೆ, ವೆರೈಟಿ ಶೋ ನಡೆಸೋದು ಗಂಡಸರ ಕೆಲಸ. ಸಿಡ್ ಸೀಸರ್, ಜಾಕಿ ಗ್ಲೀಸನ್, ಮಿಲ್ಟನ್ ಬರ್ಲ್, ಡೀನ್ ಮಾರ್ಟಿನ್ ಅಂತ ದೊಡ್ಡ ದೊಡ್ಡ ಹೆಸರುಗಳನ್ನೂ ಹೇಳಿದರಂತೆ. ನಿಮಗೆ ಅರ್ಧ ಗಂಟೆಯ ಒಂದು ಮುದ್ದಾದ ಧಾರಾವಾಹಿ ಕೊಡ್ತೀವಿ, ಅದನ್ನ ಮಾಡಿ ಅಂತ ಸಮಾಧಾನ ಬೇರೆ.

ಕ್ಯಾರಲ್ ಒಪ್ಪಲಿಲ್ಲ. ಕಾಗದದಲ್ಲಿ ಬರೆದಿದ್ದು ಬರೆದಿದ್ದೇ ಅಲ್ವಾ. 1967ರ ಸೆಪ್ಟೆಂಬರ್ 11ಕ್ಕೆ ‘ದಿ ಕ್ಯಾರಲ್ ಬರ್ನೆಟ್ ಶೋ’ ಶುರುವಾಯಿತು. 30 ಕಂತು ಮುಗಿಸಿ ಮನೆಗೆ ಹೋಗ್ತಾರೆ ಅಂದುಕೊಂಡಿದ್ದವರ ಮುಂದೆ ಅದು 1978ರವರೆಗೆ, 11 ವರ್ಷ ನಡೆಯಿತು. ಹಾಡು, ಕುಣಿತ, ಪ್ರಹಸನ, ಅತಿಥಿಗಳು, ಎದುರಿಗೆ ನಿಜವಾದ ಜನ ಎಲ್ಲ ಸೇರಿದ ಗಂಟೆ ಕಾಲದ ಕಾರ್ಯಕ್ರಮ ಅದು.

ಆ 11 ವರ್ಷದ ಕತೆಯನ್ನೇ ಆಕೆ 2016ರಲ್ಲಿ ‘ಇನ್ ಸಚ್ ಗುಡ್ ಕಂಪನಿ’ ಅಂತ ಪುಸ್ತಕ ಮಾಡಿದರು. ಬರೆಯೋಕೆ ಮುಂಚೆ ಹಳೇ ಕಂತುಗಳನ್ನೆಲ್ಲ ಮತ್ತೆ ಕೂತು ನೋಡಿದರಂತೆ. ನಾನು ಓದಿದ್ದಲ್ಲ, ಕೇಳಿದ್ದು. ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ ಬಸ್ಸಲ್ಲಿ ಓಡಾಡುವವರಿಗೆ ಆಡಿಯೋ ಪುಸ್ತಕಕ್ಕಿಂತ ಒಳ್ಳೆ ಸ್ನೇಹಿತ ಇಲ್ಲ. ಇದನ್ನು ಕ್ಯಾರಲ್ ಅವರೇ ಓದಿದ್ದಾರೆ, ಆ ಓದಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿದೆ. ಎಂಬತ್ತು ದಾಟಿದ ಹೆಂಗಸು ಒಬ್ಬರು ತಮ್ಮ ಹಳೇ ಜೋಕಿಗೆ ತಾವೇ ನಕ್ಕು, ಆಮೇಲೆ ಉಸಿರು ತಗೊಂಡು ಮುಂದಕ್ಕೆ ಓದೋದನ್ನ ಕೇಳ್ತಾ ಕೇಳ್ತಾ ನಾನೂ ಒಬ್ಬಳೇ ನಕ್ಕು, ಪಕ್ಕದ ಸೀಟಿನವರು ಸ್ವಲ್ಪ ಸರಿದು ಕೂತಿದ್ದೂ ಆಗಿದೆ.

ನನಗೆ ಮೊದಲು ಹಿಡಿಸಿದ್ದು ಹೆಸರಿನಲ್ಲಿರೋ ‘ಕಂಪನಿ’ ಅನ್ನೋ ಪದ. ನಮ್ಮ ಆಫೀಸಿನವರಿಗೆ ಕಂಪನಿ ಅಂದರೆ ಐಡಿ ಕಾರ್ಡು. ನಮ್ಮೂರಲ್ಲಿ ದೊಡ್ಡವರ ಬಾಯಲ್ಲಿ ಕಂಪನಿ ಅಂದರೆ ನಾಟಕದ ಕಂಪನಿ. ಕ್ಯಾರಲ್ ಹೇಳೋದೂ ಈ ಎರಡನೇ ಅರ್ಥದಲ್ಲೇ. ಬೋರ್ಡಿನ ಮೇಲೆ ಒಂದೇ ಹೆಸರಿದ್ದರೂ ಪುಸ್ತಕದ ತುಂಬ ಮಿಕ್ಕವರೇ ತುಂಬಿಕೊಂಡಿದ್ದಾರೆ.

ವಿಕಿ ಲಾರೆನ್ಸ್ ಕತೆಯನ್ನೇ ತಗೊಳ್ಳಿ. ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದ ಹುಡುಗಿ. ನೋಡೋಕೆ ನಿಮ್ಮ ಥರಾನೇ ಇದ್ದೀನಿ ಅಂತಾರೆ ಎಲ್ಲರೂ, ಅಂತ ಒಂದು ಪತ್ರ ಬರೆದು, ಜೊತೆಗೆ ಪೇಪರಿನ ತುಣುಕು ಇಟ್ಟು ಕಳಿಸಿದಳು. ಅಭಿಮಾನಿಗಳ ಪತ್ರ ರಾಶಿ ರಾಶಿ ಬರೋ ಮನೆ ಅದು. ಕ್ಯಾರಲ್ ಆ ಪತ್ರ ಓದಿ, ಅವಳಿಗೆ ಫೋನ್ ಮಾಡಿ, ಅವಳು ಭಾಗವಹಿಸಿದ್ದ ಊರಿನ ಸ್ಪರ್ಧೆಗೇ ಹೋಗಿ ನೋಡಿಕೊಂಡು ಬಂದರು. ಶೋ ಶುರುವಾದಾಗ ವಿಕಿಗೆ 18 ವರ್ಷ, ನಟನೆಯ ಅನುಭವ ಅಷ್ಟಕ್ಕಷ್ಟೇ. ಮೊದಮೊದಲು ಕ್ಯಾರಲ್‌ಗೆ ತಂಗಿಯ ಪಾತ್ರ ಮಾಡ್ತಿದ್ದಳು. ಏಳು ವರ್ಷ ಕಳೆಯೋ ಹೊತ್ತಿಗೆ ‘ದಿ ಫ್ಯಾಮಿಲಿ’ ಅನ್ನೋ ಪ್ರಹಸನದಲ್ಲಿ ಕ್ಯಾರಲ್‌ಗೇ ತಾಯಿ! ತನಗಿಂತ 16 ವರ್ಷ ದೊಡ್ಡವಳಿಗೆ ಅಮ್ಮನಾಗಿ ಬೈದು ಬೆಂಡೆತ್ತೋ ಆ ಮುದುಕಿ ಪಾತ್ರ ಎಷ್ಟು ಜನಪ್ರಿಯವಾಯಿತು ಅಂದರೆ ಮುಂದೆ ಅದೇ ಒಂದು ಬೇರೆ ಧಾರಾವಾಹಿ ಆಯಿತು.

ಇನ್ನು ಹಾರ್ವಿ ಕಾರ್ಮನ್ ಮತ್ತು ಟಿಮ್ ಕಾನ್‌ವೇ. ಈ ಜೋಡಿಯ ವಿಡಿಯೋಗಳು ನಿಮ್ಮ ಫೋನಿಗೂ ಯಾವತ್ತೋ ಬಂದಿರುತ್ತವೆ, ಹೆಸರು ಗೊತ್ತಿರಲ್ಲ ಅಷ್ಟೇ. ಹೊಸದಾಗಿ ಪಾಸಾದ ಹಲ್ಲಿನ ಡಾಕ್ಟರು ಮರಗಟ್ಟಿಸೋ ಇಂಜೆಕ್ಷನ್ನು ತನ್ನ ಕೈಗೇ ಚುಚ್ಚಿಕೊಂಡು, ಆಮೇಲೆ ಕಾಲಿಗೆ, ಹೀಗೆ ಒಂದೊಂದೇ ಅಂಗ ಕಳಕೊಳ್ಳೋ ದೃಶ್ಯ ಇದೆಯಲ್ಲ, ಅದರಲ್ಲಿ ಡಾಕ್ಟರು ಕಾನ್‌ವೇ, ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಕೂತ ರೋಗಿ ಕಾರ್ಮನ್. ಆ ರೋಗಿಯ ಮುಖ ನೋಡಿ. ನಗು ತಡೆಯೋಕೆ ಮನುಷ್ಯ ಪಡೋ ಪಾಡು ನೋಡೋಕಾಗಲ್ಲ.

ಇದರ ಹಿಂದೆ ಒಂದು ಗುಟ್ಟಿದೆ. ಪ್ರತಿ ಶುಕ್ರವಾರ ಅವರು ಒಂದೇ ಕಾರ್ಯಕ್ರಮವನ್ನು ಎರಡು ಸಲ, ಎರಡು ಬೇರೆ ಬೇರೆ ಪ್ರೇಕ್ಷಕರ ಮುಂದೆ ಮಾಡ್ತಿದ್ದರು. ಎರಡರಲ್ಲಿ ಚೆನ್ನಾಗಿ ಬಂದಿದ್ದನ್ನು ಸೇರಿಸಿ ಪ್ರಸಾರ. ಕಾನ್‌ವೇ ಮೊದಲ ಸಲ ಬರೆದುಕೊಟ್ಟಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿಬಿಡೋರು. ಕ್ಯಾಮೆರಾದವರಿಗೂ ನಿರ್ದೇಶಕರಿಗೂ ನಿರಾಳ. ಎರಡನೇ ಸಲ ಮಾತ್ರ ಏನು ಬರುತ್ತೋ ದೇವರಿಗೇ ಗೊತ್ತು. 1977ರ ಒಂದು ಪ್ರಹಸನದಲ್ಲಿ ಸರ್ಕಸ್ಸಿನಲ್ಲಿ ಸೊಂಡಿಲು ಅಂಟಿಕೊಂಡು ಹುಟ್ಟಿದ ಎರಡು ಆನೆಗಳ ಕತೆಯನ್ನು ಇದ್ದಕ್ಕಿದ್ದಂತೆ ಶುರು ಹಚ್ಚಿಕೊಂಡರು. ಯಾರಿಗೂ ಗೊತ್ತಿಲ್ಲ ಅದು ಎಲ್ಲಿಗೆ ಹೋಗುತ್ತೆ ಅಂತ. ಕ್ಯಾರಲ್ ಮುಖ ಮುಚ್ಚಿಕೊಂಡು ಒದ್ದಾಡ್ತಾರೆ. ಕೊನೆಗೆ ವಿಕಿ ಹೇಳೋ ಒಂದೇ ಒಂದು ಮಾತಿಗೆ ಕಾನ್‌ವೇ ಸೇರಿ ಎಲ್ಲರೂ ಬಿದ್ದರು. ಆ ಮಾತು ಕುಟುಂಬ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ, ನೀವೇ ಹುಡುಕಿಕೊಳ್ಳಿ.

ಈ ಪುಸ್ತಕದಲ್ಲಿ ನಾನು ಎರಡು ಸಲ ಹಿಂದಕ್ಕೆ ಹೋಗಿ ಕೇಳಿದ್ದು ತಮಾಷೆಯ ಭಾಗ ಅಲ್ಲ. ಹಾರ್ವಿ ಕಾರ್ಮನ್ ಪ್ರತಿಭೆ ಎಷ್ಟಿತ್ತೋ ಮುಂಗೋಪವೂ ಅಷ್ಟೇ ಇತ್ತಂತೆ. ಒಂದು ವಾರ ಪೂರ್ತಿ ಮುಖ ಗಂಟು ಹಾಕಿಕೊಂಡು, ಬಂದ ಅತಿಥಿಯ ಜೊತೆಗೂ ಒರಟಾಗಿ ನಡೆದುಕೊಂಡರು. ಕ್ಯಾರಲ್ ಸ್ವಭಾವ ಜಗಳದ್ದಲ್ಲ. ಆದರೂ ಅವರ ಕೋಣೆಗೆ ಹೋಗಿ, ಹೀಗಾದರೆ ನೀವು ಮತ್ತೆ ಬರೋದೇ ಬೇಡ ಅಂದುಬಿಟ್ಟರು. ಶೋನ ಅತಿ ಒಳ್ಳೆಯ ನಟನಿಗೆ! ಆಮೇಲೆ ರಾಜಿ ಆಯಿತು. ಕ್ಯಾರಲ್ ಇಟ್ಟ ಷರತ್ತು ಒಂದೇ, ಇನ್ನು ಮೇಲೆ ಕೆಲಸಕ್ಕೆ ನಗ್ತಾ ಬರಬೇಕು, ನಗ್ತಾ ಇರಬೇಕು. ಅವರು ಹಾಗೇ ಇದ್ದರು. ಸ್ವಲ್ಪ ದಿನ ಕಳೆದ ಮೇಲೆ ಕಾರ್ಮನ್ ಕೋಣೆಯ ಬಾಗಿಲಿಗೆ ಒಂದು ಫಲಕ ಬಂತು, ‘ಮಿಸ್ಟರ್ ಹ್ಯಾಪಿ ಗೋ ಲಕಿ’ ಅಂತ.

ಬರಹಗಾರರ ಜೊತೆ ಆಕೆ ನಡೆದುಕೊಳ್ಳುತ್ತಿದ್ದ ರೀತಿಯೂ ಇದೆ. ಗ್ಲೀಸನ್, ಸೀಸರ್ ಅಂಥವರು ಸ್ಕ್ರಿಪ್ಟ್ ಸರಿಯಿಲ್ಲ ಅಂದರೆ ನೇರವಾಗಿ ಇದು ಕೆಲಸಕ್ಕೆ ಬರಲ್ಲ, ಬೇರೆ ಬರೀರಿ ಅನ್ನೋರು. ಕ್ಯಾರಲ್ ಮಾತ್ರ ಬರಹಗಾರರನ್ನು ಕರೆಸಿ, ಈ ಸಾಲು ನನ್ನ ಬಾಯಲ್ಲಿ ಸರಿಯಾಗಿ ಬರ್ತಿಲ್ಲ, ಸ್ವಲ್ಪ ಸಹಾಯ ಮಾಡ್ತೀರಾ ಅಂತ ಕೇಳ್ತಿದ್ದರಂತೆ. ಗಂಡಸು ಖಡಕ್ಕಾಗಿ ಹೇಳಿದರೆ ಯಜಮಾನಿಕೆ, ಹೆಂಗಸು ಹೇಳಿದರೆ ಜಗಳಗಂಟಿ ಅನ್ನೋ ಕಾಲ ಅದು ಅಂತ ಆಕೆಯೇ ವಿವರಿಸುತ್ತಾರೆ. ಐದು ಜನರ ಟೀಮ್ ನೋಡಿಕೊಳ್ಳುವ ನಾನು ಇದನ್ನು ಕೇಳಿ, ಕಾಲ ಅಂದರೆ ಯಾವ ಕಾಲ ಅಂತ ಬಸ್ಸಿನ ಕಿಟಕಿ ಆಚೆ ನೋಡಿದೆ.

ಪುಸ್ತಕ ಪೂರ್ತಿ ಹೀಗೇ ಇದೆ ಅಂತಲ್ಲ. ಅತಿಥಿಗಳಾಗಿ ಬಂದ ತಾರೆಯರನ್ನು ಒಬ್ಬೊಬ್ಬರನ್ನಾಗಿ ಹೊಗಳುವ ಭಾಗಗಳು ಸಪ್ಪೆ. ಎಲ್ಲರೂ ಒಳ್ಳೆಯವರು, ಎಲ್ಲರೂ ಮಹಾನ್ ಪ್ರತಿಭಾವಂತರು. ಅಲ್ಲೆಲ್ಲ ನಾನು ವೇಗ ಹೆಚ್ಚು ಮಾಡಿ ಮುಂದಕ್ಕೋಡಿಸಿದೆ. ವಸ್ತ್ರವಿನ್ಯಾಸಕ ಬಾಬ್ ಮ್ಯಾಕಿ ಬಂದಾಗ ಮತ್ತೆ ನಿಧಾನ. 1976ರಲ್ಲಿ ‘ಗಾನ್ ವಿತ್ ದಿ ವಿಂಡ್’ ಸಿನಿಮಾವನ್ನು ಗೇಲಿ ಮಾಡಿದ ಕಂತು. ಸಿನಿಮಾದ ನಾಯಕಿ ಬಡತನದಲ್ಲಿ ಕಿಟಕಿ ಪರದೆಯನ್ನೇ ಬಿಚ್ಚಿ ಗೌನು ಹೊಲಿಸಿಕೊಳ್ಳುತ್ತಾಳೆ. ಮ್ಯಾಕಿ ಪರದೆಯ ಜೊತೆ ಅದನ್ನು ನೇತುಹಾಕೋ ಸರಳನ್ನೂ ಬಿಡದೆ ಹೆಗಲ ಮೇಲೆ ಅಡ್ಡ ಕೂರಿಸಿದರು. ಕ್ಯಾರಲ್ ಮೆಟ್ಟಿಲು ಇಳಿದು ಬರ್ತಿದ್ದಂಗೇ ಸ್ಟುಡಿಯೋ ಸ್ಫೋಟ. ಆ ಸರಳಿನ ಗೌನು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಅಷ್ಟು ದೊಡ್ಡ ನಗು ಹುಟ್ಟಿದ್ದು ನಟಿಯ ತಲೆಯಲ್ಲಲ್ಲ, ಬಟ್ಟೆ ಹೊಲಿಸೋನ ತಲೆಯಲ್ಲಿ. ಅದನ್ನು ಆಕೆ ಎಲ್ಲಿ ಹೋದರೂ ಹೇಳ್ತಾರೆ.

ಇದನ್ನೆಲ್ಲ ಕೇಳ್ತಿದ್ದಾಗ ನನ್ನ ಕಣ್ಣ ಮುಂದೆ ಬರ್ತಿದ್ದದ್ದು ಹಾಲಿವುಡ್ಡಿನ ಸ್ಟುಡಿಯೋ ಅಲ್ಲ, ನಮ್ಮ ಮನೆ ಹಾಲು. 2015ರಿಂದ ಕೆಲವು ವರ್ಷ ಶನಿವಾರ, ಭಾನುವಾರ ರಾತ್ರಿ ನಮ್ಮನೇಲಿ ಊಟದ ತಟ್ಟೆ ಟೀವಿ ಮುಂದೆ ಬಂದುಬಿಡ್ತಿತ್ತು. ಕಲರ್ಸ್ ಕನ್ನಡದ ‘ಮಜಾ ಟಾಕೀಸ್’. ಹಿಂದಿಯ ಕಪಿಲ್ ಶರ್ಮಾ ಶೋ ಥರ ಅಂತ ನಾವು ಕಾಲೇಜಿನವರು ಮೂಗು ಮುರಿದರೂ, ಎದ್ದು ಹೋಗ್ತಿರಲಿಲ್ಲ. ನಡೆಸಿಕೊಡೋರು ಸೃಜನ್ ಲೋಕೇಶ್. ಹೆಂಡತಿ ರಾಣಿಯಾಗಿ ಶ್ವೇತಾ ಚೆಂಗಪ್ಪ, ಮುದ್ದೇಶನಾಗಿ ಮಂಡ್ಯ ರಮೇಶ್, ಜೊತೆಗೆ ಕುರಿ ಪ್ರತಾಪ್, ಕುರ್ಚಿಯಲ್ಲಿ ಕೂತು ನಗೋಕೆ ಇಂದ್ರಜಿತ್ ಲಂಕೇಶ್. ಹಾಡು, ಪ್ರಹಸನ, ಸಿನಿಮಾದ ಅತಿಥಿ, ಎದುರಿಗೆ ಜನ. ಪಕ್ಕಾ ವೆರೈಟಿ ಶೋ.

ನಮ್ಮಪ್ಪ ಕಾಯ್ತಿದ್ದದ್ದು ಮಾತ್ರ ವರಲಕ್ಷ್ಮಿಗೆ. ತನ್ನನ್ನು ತಾನೇ ‘ಒನ್ ಆಂಡ್ ಓನ್ಲಿ’ ಅಂತ ಕರೆದುಕೊಂಡು, ವೈಯಾರ ಮಾಡ್ಕೊಂಡು ಬರ್ತಿದ್ದ ಆ ವರಲಕ್ಷ್ಮಿ ನಿರೂಪಕಿ ಅಪರ್ಣಾ. ನಮ್ಮಪ್ಪನ ವಯಸ್ಸಿನವರಿಗೆ ಅಪರ್ಣಾ ಅಂದರೆ ದೂರದರ್ಶನ. ಸ್ಪಷ್ಟ ಕನ್ನಡ, ಸರಿಯಾದ ಉಚ್ಚಾರ, ಸಮಾರಂಭದ ಗಾಂಭೀರ್ಯ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಸಿನಿಮಾದಿಂದ ಬಂದವರು. 1998ರ ದೀಪಾವಳಿ ಕಾರ್ಯಕ್ರಮವೊಂದನ್ನು ಎಂಟು ಗಂಟೆ ಬಿಡದೆ ನಿರೂಪಿಸಿದವರು. ಅಂಥವರು ಆ ದನಿಯನ್ನೇ ಹಿಗ್ಗಿಸಿ ಕುಗ್ಗಿಸಿ ತಮ್ಮ ಗಾಂಭೀರ್ಯವನ್ನೇ ಗೇಲಿ ಮಾಡಿಕೊಂಡರು. ಮೊದಲ ಸಲ ನೋಡಿದ ದಿನ ಅಪ್ಪ ಬಾಯಿಗಿಟ್ಟ ತುತ್ತು ಹಾಗೇ ಹಿಡಿದು, “ಇವ್ರೇನಾ? ಅದೇ ಅಪರ್ಣಾನಾ?” ಅಂದಿದ್ದು ನೆನಪಿದೆ. ಮೂವತ್ತು ವರ್ಷ ಕೂಡಿಟ್ಟ ಮರ್ಯಾದೆ ಕೈಯಲ್ಲಿದ್ದವರಿಗೆ ಮಾತ್ರ ಅದನ್ನು ಹಾಗೆ ಖರ್ಚು ಮಾಡೋಕೆ ಬರುತ್ತೆ ಅಂತ ಈಗ ಅನ್ಸುತ್ತೆ.

2024ರ ಜುಲೈ 11ರಂದು ಅಪರ್ಣಾ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅದರ ಮಾರನೇ ದಿನ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳಿದ್ದೂ ಅದೇ ದನಿ. ಬೋಗಿಯಲ್ಲಿ ಎಷ್ಟೋ ಜನ ಫೋನಿನಿಂದ ತಲೆ ಎತ್ತಿದ್ದನ್ನು ನೋಡಿದೆ. ನಮ್ಮ ದುಃಖಕ್ಕೆ ಆ ದನಿ ಸಾಕಿತ್ತು. ಆದರೆ ಕ್ಯಾರಲ್ ಪುಸ್ತಕ ಕೇಳಿದ ಮೇಲೆ ನನಗೆ ಹುಟ್ಟಿದ ಆಸೆ ಬೇರೆ. ಅಪರ್ಣಾ ಅವರೇ ಬರೆದ ಒಂದು ಅಧ್ಯಾಯ ಬೇಕಿತ್ತು. ವರಲಕ್ಷ್ಮಿಯ ಆ ನಡಿಗೆ ಯಾರ ಮನೆಯಿಂದ ಬಂತು? ರಿಹರ್ಸಲ್ಲಿನಲ್ಲಿ ಮೊದಲು ನಕ್ಕಿದ್ದು ಯಾರು? ನಗು ತಡೆಯೋಕೆ ಆಗದೆ ಬೆನ್ನು ತಿರುಗಿಸಿದ್ದು ಯಾರು? ಅವರ ಬಾಯಿಂದಲೇ ಕೇಳಬೇಕಿತ್ತು. ಮಿಕ್ಕವರು ಇದ್ದಾರೆ. ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ಪಳಗಿ, ಮೈಸೂರಿನಲ್ಲಿ ‘ನಟನ’ ಕಟ್ಟಿದವರು. ಸೃಜನ್ ಅವರ ತಾತ ಸುಬ್ಬಯ್ಯ ನಾಯ್ಡು ಸ್ವಂತ ನಾಟಕ ಕಂಪನಿ ನಡೆಸಿದವರು, 1934ರ ‘ಸತಿ ಸುಲೋಚನ’ದ ನಾಯಕ. ಅಪ್ಪ ಲೋಕೇಶ್, ಅಮ್ಮ ಗಿರಿಜಾ ಲೋಕೇಶ್ ಇಬ್ಬರೂ ನಟನೆಯವರೇ. ಇಂಥ ಮನೆಯವರು ಬರೆದರೆ ಅದು ಒಂದು ಟೀವಿ ಶೋನ ಪುಸ್ತಕ ಆಗಲ್ಲ, ನೂರು ವರ್ಷದ ಕಂಪನಿಯ ಪುಸ್ತಕ ಆಗುತ್ತೆ.

ಹಾಸ್ಯದವರು ಬರೆಯೋದು ನಮಗೆ ಹೊಸದೇನಲ್ಲ. ಗುಬ್ಬಿ ವೀರಣ್ಣನವರ ಆತ್ಮಕತೆ ‘ಕಲೆಯೇ ಕಾಯಕ’ ಇದೆ. ನಮ್ಮ ಕಡೆಯಿಂದ ದಾಬಸ್‌ಪೇಟೆ, ತುಮಕೂರು ದಾಟಿದರೆ ಗುಬ್ಬಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಗೆ ಹುಡುಗನಾಗಿ ಸೇರಿ, ಆಮೇಲೆ ಮಾಲೀಕರೇ ಆದವರು. ಆದರೂ ಜನ ಅವರನ್ನು ನೆನೆಸಿಕೊಳ್ಳೋದು ಹಾಸ್ಯನಟ ಅಂತ. ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ರಂಗದ ಮೇಲೆ ನಿಲ್ಲಿಸಿದ ಮನುಷ್ಯ. ಆ ಕಂಪನಿಯ ನೆರಳಲ್ಲಿ ಬೆಳೆದವರ ಹೆಸರು ನೋಡಿ, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ. ಬೋರ್ಡಿನ ಮೇಲೆ ಗುಬ್ಬಿ ಅಂತ ಇದ್ದರೂ ಬೆಳಕು ಎಷ್ಟು ಜನರ ಮೇಲೆ ಬಿತ್ತು ನೋಡಿ. ಟಿಮ್ ಕಾನ್‌ವೇ ತೀರಿಕೊಂಡಿದ್ದು 2019ರ ಮೇ ತಿಂಗಳಲ್ಲಿ. ಅದೇ ಮೇ ತಿಂಗಳಲ್ಲೇ ನಮ್ಮ ಮಾಸ್ಟರ್ ಹಿರಣ್ಣಯ್ಯನವರೂ ಹೋದರು. ಬರೆದುಕೊಟ್ಟಿದ್ದನ್ನು ಪಕ್ಕಕ್ಕಿಟ್ಟು ರಂಗದ ಮೇಲೇ ಮಾತು ಕಟ್ಟುತ್ತಿದ್ದ ಇಬ್ಬರಲ್ಲಿ ನಮ್ಮವರ ಧೈರ್ಯ ಒಂದು ಕೈ ಮೇಲೇ. ಕಾನ್‌ವೇ ಎದುರಿಗಿದ್ದದ್ದು ಕಾರ್ಮನ್, ಹಿರಣ್ಣಯ್ಯನವರ ಎದುರಿಗೆ ಎಷ್ಟೋ ಸಲ ಮುಂದಿನ ಸಾಲಲ್ಲಿ ಮಂತ್ರಿಗಳೇ ಕೂತಿರ್ತಿದ್ದರು.

ದೊಡ್ಡವರ ಮಾತಾಯಿತು. ನಮ್ಮ ದೊಡ್ಡಪ್ಪ ಯಾವ ಕಂಪನಿಯಲ್ಲೂ ಇದ್ದವರಲ್ಲ. ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಊರವರೇ ಸೇರಿ ಕುರುಕ್ಷೇತ್ರ ಆಡೋದು ಈಗಲೂ ಇದೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ತಾಲೀಮು ಕೊಡ್ತಾರೆ. ಪಾತ್ರ ಬೇಕಾದವರು ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತೆ. ಕರಪತ್ರ ಅಚ್ಚಾಗುತ್ತೆ, ಅದರಲ್ಲಿ ಪಾತ್ರದ ಹೆಸರು, ಎದುರಿಗೆ ಆಡೋನ ಹೆಸರು. ದೊಡ್ಡಪ್ಪ ಎರಡು ಸಲ ಶಕುನಿ ಮಾಡಿದ್ದರು. ಈಗ ಎಪ್ಪತ್ತೆಂಟು. ಹೋದ ವರ್ಷದಿಂದ ನಿನ್ನೆ ಮೊನ್ನೆಯದು ಮರೆತುಹೋಗುತ್ತೆ. ನಾನು ಬೆಂಗಳೂರಿನಿಂದ ಬಂದೆನೋ ಇಲ್ಲೇ ಇದ್ದೆನೋ ಅಂತ ಒಂದೇ ಸಂಜೆ ಮೂರು ಸಲ ಕೇಳ್ತಾರೆ. ಶಕುನಿ ಮಾತು ಮಾತ್ರ ಅಚ್ಚಳಿಯದೆ ಇದೆ.

ಕ್ಯಾರಲ್ ತಮ್ಮ ಶೋನ ಹೆಚ್ಚಿನ ಕಂತುಗಳನ್ನು ಜನರ ಪ್ರಶ್ನೆಗೆ ಉತ್ತರ ಕೊಟ್ಟು ಶುರು ಮಾಡೋರು. ಸ್ಟುಡಿಯೋದ ದೀಪ ಜನರ ಕಡೆ ಹಾಕಿಸಿ, ಯಾರು ಬೇಕಾದರೂ ಏನು ಬೇಕಾದರೂ ಕೇಳಿ ಅನ್ನೋರು. ಮೊದಲೇ ಬರೆದುಕೊಟ್ಟ ಪ್ರಶ್ನೆಗಳಲ್ಲ. ನಾನೂ ಅದನ್ನೇ ಮಾಡೋಣ ಅಂತ ಒಂದು ಭಾನುವಾರ ಜಗಲಿ ಮೇಲೆ ನೀರಿನ ಚೊಂಬಿಗೆ ಫೋನ್ ಒರಗಿಸಿ, ರೆಕಾರ್ಡಿಂಗ್ ಹಾಕಿ ಕೂತೆ. ದೊಡ್ಡಪ್ಪ ಶಕುನಿ ಬಗ್ಗೆ ಹೇಳ್ತಾರೆ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆ ಅವರು ಹೇಳಿದ್ದು ಬೇರೆಯವರ ವಿಷಯ. ದುರ್ಯೋಧನ ಮಾಡಿದವನು ಗದೆ ಎತ್ತೋಕೆ ಮುಂಚೆ ಪಂಚೆ ಸರಿ ಮಾಡ್ಕೊಳ್ತಿದ್ದದ್ದು, ಬೆಳಗಿನ ಜಾವಕ್ಕೆ ಭೀಷ್ಮ ಶರಶಯ್ಯೆಯ ಮೇಲೆ ನಿಜವಾಗಲೂ ನಿದ್ದೆ ಹೋಗಿದ್ದು. ಆಮೇಲೆ ಪರದೆ ಮರೆಯಲ್ಲಿ ನಿಂತು ಪುಸ್ತಕ ಹಿಡಿದು ಮಾತು ಹೇಳಿಕೊಡ್ತಿದ್ದ ಒಬ್ಬ ಹುಡುಗನ ವಿಷಯಕ್ಕೆ ಬಂದರು.

“ಆವತ್ತು ದುರ್ಯೋಧನಂಗೆ ಹಾಡೇ ಮರ್ತೋಯ್ತು ಕಣವ್ವ. ಹಾರ್ಮೋನಿಯಂ ಮೇಷ್ಟ್ರು ಎರಡು ಸಲ ಶ್ರುತಿ ಕೊಟ್ರು, ಬಾಯೇ ಬಿಡ್ಲಿಲ್ಲ. ಈ ಹುಡುಗ ಮರೇಲಿ ನಿಂತ್ಕೊಂಡು ಮೆಲ್ಲಗೆ ಹೇಳ್ಕೊಡೋಕ್ ಹೋದ. ಹಂಗೇ ಹಾಡ್ತಾ ಹಾಡ್ತಾ ಅವ್ನಿಗೇ ಮೈಮೇಲೆ ಬಂದಂಗಾಗ್ಬಿಡ್ತು. ಪೂರ್ತಿ ಹಾಡ್ಬಿಟ್ಟ. ದುರ್ಯೋಧನ ಸುಮ್ನೆ ಮೀಸೆ ತಿರುವ್ಕೊಂಡು ನಿಂತವ್ನೆ! ಜನ ಏನಂದ್ರು ಅಂತೀಯ? ಒನ್ಸ್ ಮೋರ್ ಅಂದ್ರು.”

ನಗು ನಿಂತ ಮೇಲೆ ಕೇಳಿದೆ, “ಕರಪತ್ರದಲ್ಲಿ ಅವರ ಹೆಸರಿತ್ತಾ ದೊಡ್ಡಪ್ಪ?”

“ಇರ್ಲಿಲ್ಲ. ದುಡ್ಡು ಹಾಕಿರ್ಲಿಲ್ವಲ್ಲ ಅವ್ನು.” ಸ್ವಲ್ಪ ಹೊತ್ತು ಸುಮ್ಮನಿದ್ದು, ಚೊಂಬಿನ ಹತ್ತಿರ ಬಗ್ಗಿ, ಫೋನಿಗೇ ಹೇಳ್ತಿರೋ ಹಾಗೆ ಅವನ ಹೆಸರು, ಅಪ್ಪನ ಹೆಸರು, ಮನೆ ಯಾವ ಬೀದೀಲಿತ್ತು ಅಂತ ಒಂದೊಂದಾಗಿ ಬಿಡಿಸಿ ಹೇಳಿದರು. “ಅವ್ನಿಗೆ ಇನ್ನೊಂದು ಹಾಡೂ ಬರ್ತಿತ್ತು, ತಾಳು” ಅಂತ ಗಂಟಲು ಸರಿ ಮಾಡಿಕೊಂಡರು.